ಡಿಗ್ರಿ ಆಯ್ತು, ಇನ್ನು ಲಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜು ಮುಗಿಸಿ ಲಾರಿ ಓಡಿಸಲು ಹೊರಟವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಲ ಉತ್ತರ. ಉತ್ತರಿಸಿದವರು ಚಾಲನಾ ತರಬೇತಿಯಲ್ಲೂ ಸರಕು ಸಾಗಣೆಯಲ್ಲೂ ಪಳಗಿದವರು.

ಪ್ರಶ್ನೆ: ಬಿ.ಕಾಂ. ಮುಗಿದಿದೆ, ವಯಸ್ಸು 22. ಬೈಕ್ ಲೈಸೆನ್ಸ್ ಆಗಿ ನಾಲ್ಕು ವರ್ಷ, ಕಾರಿನದು ಆಗಿ ಐದು ತಿಂಗಳು. ಹೆವಿ ಲೈಸೆನ್ಸ್ ಈಗಲೇ ಮಾಡಿಸಿಕೊಡುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಆಗುತ್ತದೆಯೇ?
— ಓದುಗರು, ದಾಸರಹಳ್ಳಿ

ಉತ್ತರ: ಆಗುವುದಿಲ್ಲ. ಅವರಿಗೆ ಮುಂಗಡ ಕೊಡಬೇಡಿ. ಲಾರಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಗಬೇಕಾದರೆ ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ, ಲೈಸೆನ್ಸ್ ಪಡೆದು ಒಂದು ವರ್ಷ ತುಂಬಿರಬೇಕು. ಬೈಕಿನ ನಾಲ್ಕು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಡಿನಲ್ಲಿ ಪ್ರತಿ ವರ್ಗದ ಎದುರಿಗೂ ಬೇರೆ ಬೇರೆ ದಿನಾಂಕ ಇರುತ್ತದೆ, ಎಲ್‌ಎಂವಿ ಎದುರಿನ ದಿನಾಂಕವನ್ನೇ ನೋಡಿ. ನಿಮಗಿನ್ನೂ ಏಳು ತಿಂಗಳು ಬಾಕಿ.

ಆ ಏಳು ತಿಂಗಳು ಸುಮ್ಮನೆ ಕೂರಬೇಕಿಲ್ಲ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ, 7,500 ಕಿಲೋ ಮೀರದ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಸರಕು ವಾಹನ ಓಡಿಸಲು 20 ವರ್ಷ ತುಂಬಿರಬೇಕೆಂಬ ನಿಯಮ ನಿಮಗೆ ಅಡ್ಡಿಯಲ್ಲ. ಟಾಟಾ ಏಸ್, ಬೊಲೆರೋ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಈ ಮಿತಿಯೊಳಗಿವೆ. 14 ಅಡಿ ಬಾಡಿಯ ಗಾಡಿಗಳ ಬಗ್ಗೆ ಮಾದರಿ ನೋಡದೆ ಹೇಳಲಾಗದು, ಆರ್‌ಸಿಯಲ್ಲಿ ಬರೆದ ಒಟ್ಟು ತೂಕವನ್ನೇ ನೋಡಿ. ಯಶವಂತಪುರ ಯಾರ್ಡಿನಿಂದಲೋ ಪೀಣ್ಯದಿಂದಲೋ ಏಳು ತಿಂಗಳು ಪಿಕಪ್ ಓಡಿಸಿದರೆ ಲೋಡು ತುಂಬಿದಾಗ ಬ್ರೇಕು ಎಷ್ಟು ದೂರಕ್ಕೆ ಹಿಡಿಯುತ್ತದೆ, ಕನ್ನಡಿ ನೋಡಿಕೊಂಡು ಹಿಂದಕ್ಕೆ ತೆಗೆಯುವುದು ಹೇಗೆ ಎಂಬುದೆಲ್ಲ ಕೈಗೆ ಹತ್ತುತ್ತದೆ. ಕಾರಿನಿಂದ ನೇರ ಹತ್ತು ಚಕ್ರದ ಲಾರಿಗೆ ಹಾರುವುದಕ್ಕಿಂತ ಈ ದಾರಿಯೇ ಒಳ್ಳೆಯದು.

ವರ್ಷ ತುಂಬಿದ ಮೇಲೆ ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಸಾರಥಿಯಲ್ಲಿ ಅರ್ಜಿ ಹಾಕಿ. ವೈದ್ಯರಿಂದ ಫಾರ್ಮ್ 1ಎ (ಆರೋಗ್ಯದ ಪ್ರಮಾಣಪತ್ರ), ಮಾನ್ಯತೆ ಇರುವ ಡ್ರೈವಿಂಗ್ ಸ್ಕೂಲಿನಿಂದ ಫಾರ್ಮ್ 5 (ತರಬೇತಿ ಮುಗಿಸಿದ ಪ್ರಮಾಣಪತ್ರ) ಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ನಿಯಮದ ಪ್ರಕಾರ ಹೆವಿ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸುವುದು ಕನಿಷ್ಠ 15 ಗಂಟೆ. ಹಣ ಕಟ್ಟುವ ಮೊದಲು ಸ್ಕೂಲಿನವರನ್ನು ಎರಡು ವಿಷಯ ಕೇಳಿ: ಗಾಡಿಗೆ ಏರ್ ಬ್ರೇಕ್ (ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್) ಇದೆಯೇ? ಲೋಡು ಹಾಕಿ ಓಡಿಸಲು ಬಿಡುತ್ತಾರೆಯೇ? ಖಾಲಿ ಲಾರಿಯಲ್ಲಿ ಮೈದಾನ ಸುತ್ತಿಸಿ ಫಾರ್ಮ್ 5 ಬರೆದುಕೊಡುವ ಕಡೆ ಟೆಸ್ಟ್ ಪಾಸಾಗಬಹುದು, ಲಾರಿ ಬರುವುದಿಲ್ಲ.

ಹೆವಿ ಲೈಸೆನ್ಸಿನ ಅವಧಿ ಐದು ವರ್ಷ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ. ಪೆಟ್ರೋಲ್, ಗ್ಯಾಸ್ ಟ್ಯಾಂಕರಿನ ಕಡೆ ಮನಸ್ಸಿದ್ದರೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಬೇರೆಯೇ ಇದೆ, ಆ ಅನುಮತಿಯ ಅವಧಿ ಮೂರು ವರ್ಷ.

ಪ್ರಶ್ನೆ: ಹೆವಿ ಲೈಸೆನ್ಸ್ ಬಂದು ಎರಡು ತಿಂಗಳಾಯಿತು. ಮುಂದಿನ ವಾರ ಸೀನಿಯರ್ ಡ್ರೈವರ್ ಜೊತೆ ಮಂಗಳೂರಿಗೆ ಲೋಡು. ಶಿರಾಡಿ ಘಾಟಿ ಇಳಿಯುವುದು ನೆನೆದರೇ ಭಯ. ಬ್ರೇಕ್ ಫೇಲ್ ಆಗುವುದು ಯಾಕೆ?
— ಓದುಗರು, ನೆಲಮಂಗಲ

ಉತ್ತರ: ಘಾಟಿಯಲ್ಲಿ 'ಬ್ರೇಕ್ ಫೇಲ್' ಎಂದು ಸುದ್ದಿಯಾಗುವ ಎಷ್ಟೋ ಕಡೆ ಪೈಪು ಒಡೆದಿರುವುದಿಲ್ಲ, ಬ್ರೇಕು ಕಾದಿರುತ್ತದೆ. ಇಳಿಜಾರಿನುದ್ದಕ್ಕೂ ಪೆಡಲಿನ ಮೇಲೆ ಕಾಲಿಟ್ಟೇ ಬಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮು ಕಾದು ಹಿಗ್ಗಿ, ಅದನ್ನು ಒತ್ತಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ, ಲೈನರೂ ಸುಟ್ಟು ನುಣುಪಾಗಿ ಹಿಡಿತ ಬಿಡುತ್ತದೆ. ಆಗ ಗೇಜಿನಲ್ಲಿ ಗಾಳಿ ಪೂರ್ತಿ ಇದ್ದರೂ, ಪೆಡಲ್ ಕೊನೆಯವರೆಗೆ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದರೆ ಅದು ಮೊದಲ ಎಚ್ಚರಿಕೆ.

ಆದ್ದರಿಂದ ಇಳಿಯುವ ವೇಗವನ್ನು ಗೇರು ಹಿಡಿಯಬೇಕು, ಬ್ರೇಕಲ್ಲ. ಸಕಲೇಶಪುರ ದಾಟಿ ಇಳಿಜಾರು ಶುರುವಾಗುವ ಮೊದಲೇ, ಸಮ ರಸ್ತೆಯಲ್ಲೇ ಗೇರು ಇಳಿಸಿ. ಅದೇ ಲೋಡಿನಲ್ಲಿ ಅದೇ ಏರು ಹತ್ತಲು ಯಾವ ಗೇರು ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರು, ಅನುಮಾನವಿದ್ದರೆ ಇನ್ನೊಂದು ಕೆಳಗೆ. ಎಗ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಬ್ರೇಕ್) ಹಾಕಿಡಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಿ. ಬಿಟ್ಟಷ್ಟು ಹೊತ್ತೂ ಡ್ರಮ್ಮು ತಣಿಯುತ್ತದೆ. ಮಧ್ಯ ಇಳಿಜಾರಿನಲ್ಲಿ ಗೇರು ಬದಲಿಸಲು ಹೋಗಬೇಡಿ: ಒಮ್ಮೆ ನ್ಯೂಟ್ರಲ್‌ಗೆ ಬಂದ ಗೇರು ವೇಗ ಏರಿದ ಮೇಲೆ ಮತ್ತೆ ಬೀಳದೇ ಹೋಗಬಹುದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸು ಎಂದು ಯಾರಾದರೂ ಹೇಳಿಕೊಟ್ಟರೆ ಕೇಳಲೇಬೇಡಿ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಕುಡಿಯುವುದೇ ಇಲ್ಲ, ಉಳಿತಾಯದ ಮಾತೇ ಸುಳ್ಳು. ಎಂಜಿನ್ ಆಫ್ ಮಾಡಿದರಂತೂ ಪವರ್ ಸ್ಟಿಯರಿಂಗ್ ಕಲ್ಲಾಗುತ್ತದೆ, ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ.

ಹೊರಡುವ ಮೊದಲು ಗಾಳಿಯ ಪರೀಕ್ಷೆ ಮಾಡಿ. ಗೇಜು ತುಂಬುವವರೆಗೆ ಗಾಡಿ ಕದಲಿಸಬೇಡಿ, ಲೋ ಏರ್ ಬಜರ್ ನಿಂತಿರಬೇಕು. ಬಳಿಕ ಸಮತಟ್ಟಾದ ಜಾಗದಲ್ಲಿ ಚಕ್ರ ಉರುಳದಂತೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಪೆಡಲ್ ಒತ್ತಿ ಹಿಡಿದು ಒಂದು ನಿಮಿಷ ಮುಳ್ಳನ್ನೇ ನೋಡಿ. ಒತ್ತಿದಾಗ ಸ್ವಲ್ಪ ಇಳಿದು ನಿಂತರೆ ಸರಿ. ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಒಬ್ಬರು ಪೆಡಲ್ ಒತ್ತಿರಲಿ, ಇನ್ನೊಬ್ಬರು ಗಾಡಿ ಸುತ್ತ ನಡೆದು 'ಸುಸ್' ಶಬ್ದ ಎಲ್ಲಿಂದ ಎಂದು ಕೇಳಲಿ. ಏರ್ ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದಾಗ ನೀರು, ಎಣ್ಣೆ ಹೆಚ್ಚು ಬಂದರೆ ಗ್ಯಾರೇಜಿಗೆ ತೋರಿಸಿ. ಆ ತೇವವೇ ವಾಲ್ವುಗಳನ್ನು ಕೆಡಿಸುವುದು.

ಜೋಡಿ ಟಯರುಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಟಯರಿನ ಬದಿಯನ್ನು ಕೊರೆಯುತ್ತದೆ, ಸಿಡಿದರೆ ಹಿಂದಿನ ಬೈಕಿನವರ ತಲೆಗೇ. ಸ್ಟೆಪ್ನಿ ಬದಲಿಸಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಬ್ರೇಕು ಕಾದಿದೆ ಅನಿಸಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ತಣಿಯಲು ಬಿಡಿ. ನೀರು ಸುರಿದರೆ ಡ್ರಮ್ಮು ಬಿರುಕು ಬಿಡುತ್ತದೆ. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ನೀವೇ ಎತ್ತಿ ರಸ್ತೆಯಿಂದಾಚೆ ಹಾಕಿ. ರಸ್ತೆ ಮಧ್ಯೆ ಬಿಟ್ಟುಹೋದ ಅಂಥ ಕಲ್ಲಿಗೆ ರಾತ್ರಿ ಬೈಕಿನವರು ಬಿದ್ದು ಸಾಯುತ್ತಾರೆ.

ಪ್ರಶ್ನೆ: ಮಗ ಬಿ.ಎಸ್ಸಿ. ಮಾಡಿ ಲಾರಿಗೆ ಹೋಗುತ್ತೇನೆ ಅನ್ನುತ್ತಾನೆ. ಬೇಡ ಎಂದರೆ ಕೇಳುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಓಡಿಸುವುದೇ ನನ್ನ ಚಿಂತೆ. ಕೆಲಸಕ್ಕೆ ಸೇರುವ ಮೊದಲು ಏನೇನು ವಿಚಾರಿಸಬೇಕು?
— ತಾಯಿ, ರಾಜಾಜಿನಗರ

ಉತ್ತರ: ಅಮ್ಮಾ, ನಿಮ್ಮ ಚಿಂತೆ ಸರಿಯಾದದ್ದೇ. ಸಂಬಳ ಎಷ್ಟು ಎಂದು ಕೇಳುವ ಮೊದಲು ಗಾಡಿಗೆ ಡ್ರೈವರ್ ಒಬ್ಬರೋ ಇಬ್ಬರೋ ಎಂದು ಮಗ ಕೇಳಲಿ. ಕಾನೂನಿನಲ್ಲಿ ದಿನದ ಕೆಲಸ 8 ಗಂಟೆ, ವಾರಕ್ಕೆ 48. 'ನಾಳೆ ಬೆಳಿಗ್ಗೆಯೊಳಗೆ ಮುಟ್ಟಿಸಲೇಬೇಕು, ಒಬ್ಬನೇ ಹೋಗು' ಎನ್ನುವ ಮಾಲೀಕರಲ್ಲಿ ಮೊದಲ ವರ್ಷ ಸೇರದಿರುವುದು ಕ್ಷೇಮ. ಬಾಟಾ, ಅಂದರೆ ಸಂಬಳದ ಮೇಲೆ ಕೊಡುವ ಭತ್ಯೆ, ದಿನಕ್ಕೋ ಟ್ರಿಪ್ಪಿಗೋ ಎಂಬುದೂ ಮುಖ್ಯ. ಟ್ರಿಪ್ಪಿನ ಲೆಕ್ಕವಾದರೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ, ನಿದ್ದೆ ಹೋಗುವುದು ಅಲ್ಲೇ.

ರಾತ್ರಿ 2ರಿಂದ 5 ಗಂಟೆ ಅತಿ ಅಪಾಯದ ಹೊತ್ತು. ಆಗ ಕಣ್ಣು ತೆರೆದಂತಿದ್ದೇ ಕೆಲವು ಸೆಕೆಂಡು ನಿದ್ದೆ ಬಂದುಹೋಗುತ್ತದೆ. ದಾಟಿಬಂದ ಊರಿನ ಬೋರ್ಡು ನೆನಪಾಗದಿದ್ದರೆ, ಗಾಡಿ ಗೆರೆ ಬಿಟ್ಟು ಸರಿಯುತ್ತಿದ್ದರೆ ನಿಲ್ಲಿಸಲೇಬೇಕು. ಕಾಫಿ ಸ್ವಲ್ಪ ಹೊತ್ತು ತಡೆಯುತ್ತದೆ ಅಷ್ಟೇ, ಇಪ್ಪತ್ತು ನಿಮಿಷದ ನಿದ್ದೆ ಅದಕ್ಕಿಂತ ಮೇಲು. ಮಲಗುವುದು ಬಂಕಿನಲ್ಲೋ ಲಾರಿ ನಿಲ್ಲುವ ಡಾಬಾದಲ್ಲೋ, ಹೆದ್ದಾರಿಯ ಅಂಚಿನಲ್ಲಲ್ಲ.

ವಿಮೆಯನ್ನೂ ನೋಡಿ. ಗಾಡಿಯ ಪಾಲಿಸಿಯಲ್ಲಿ 'ಓನರ್ ಡ್ರೈವರ್' ಎಂದಿರುವ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ಸಂಬಳದ ಡ್ರೈವರಿಗೆ 'ಪೇಯ್ಡ್ ಡ್ರೈವರ್' ಎಂಬ ಸಾಲು ಇದೆಯೇ ಎಂದು ಓದಿಸಿ. ಪಿಎಫ್, ಇಎಸ್‌ಐ ಕಟ್ಟುತ್ತಾರೆಯೇ ಕೇಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಮಗನ ಹೆಸರಿಗೆ ಇವತ್ತೇ ಮಾಡಿಸಬಹುದು, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ರೂಪಾಯಿ ಸಿಗುವ ವಿಮೆ ಅದು. ಇನ್ನೊಂದು ನೆಮ್ಮದಿಯ ಸಂಗತಿ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ.

ಪ್ರಶ್ನೆ: ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೋಡು ತುಂಬಿಸಿ ಕಾಗದಗಳ ಕಟ್ಟು ಕೈಗೆ ಕೊಡುತ್ತಾರೆ. ಅದರಲ್ಲಿ ನಾನು ನೋಡಬೇಕಾದ್ದು ಏನು?
— ಓದುಗರು, ಪೀಣ್ಯ

ಉತ್ತರ: ಓದು ಬಂದ ಡ್ರೈವರಿಗೆ ಇಲ್ಲೇ ಬೆಲೆ. ಗಾಡಿಯ ಆರ್‌ಸಿ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಪರ್ಮಿಟ್, ಇನ್ಶೂರೆನ್ಸ್, ಎಮಿಷನ್ ಐದರ ಕೊನೆಯ ದಿನಾಂಕವನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ.

ಸರಕಿನ ಕಾಗದಗಳಲ್ಲಿ ಬಿಲ್ಲು, ಎಲ್‌ಆರ್ (ಸರಕು ಒಪ್ಪಿಕೊಂಡದ್ದಕ್ಕೆ ಲಾರಿ ರಸೀದಿ), ಇ-ವೇ ಬಿಲ್ಲು (ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಆನ್‌ಲೈನ್ ಚೀಟಿ) ಇರುತ್ತವೆ. ಇ-ವೇ ಬಿಲ್ಲಿನ ಪಾರ್ಟ್ ಬಿಯಲ್ಲಿರುವ ನಂಬರು ನಿಮ್ಮ ಗಾಡಿಯದೇ ಎಂದು ಅಕ್ಷರ ಅಕ್ಷರ ತಾಳೆ ನೋಡಿ. ಗಾಡಿ ಕೆಟ್ಟು ಬೇರೆ ಗಾಡಿಗೆ ಲೋಡು ಬದಲಿಸಿದರೆ ಪಾರ್ಟ್ ಬಿ ಕೂಡ ಬದಲಾಗಬೇಕು. ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ. ಬೆಂಗಳೂರಿನಿಂದ ಹುಬ್ಬಳ್ಳಿ ಸುಮಾರು 410 ಕಿಲೋಮೀಟರ್, ಹಾಗಾಗಿ ಮೂರು ದಿನ. ದಾರಿಯಲ್ಲಿ ತಡವಾಗುವಂತಿದ್ದರೆ ಆಫೀಸಿಗೆ ಫೋನ್ ಮಾಡಿ, ಮುಗಿಯುವ ಹೊತ್ತಿನ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ ವಿಸ್ತರಿಸಲು ಸಾಧ್ಯ.

ಎಲ್‌ಆರ್‌ಗೆ ಸಹಿ ಹಾಕುವ ಮೊದಲು ನಗ, ಅಂದರೆ ಚೀಲ, ಪೆಟ್ಟಿಗೆ ಎಷ್ಟಿವೆ ಎಂದು, ಎಣಿಸಿ. ಹರಿದ ಚೀಲ, ಒದ್ದೆ ಪೆಟ್ಟಿಗೆ ಕಂಡರೆ ಅದನ್ನು ಎಲ್‌ಆರ್ ಮೇಲೇ ಬರೆಸಿ, ಫೋಟೋ ತೆಗೆಯಿರಿ. ಇಲ್ಲದಿದ್ದರೆ ಇಳಿಸುವ ಕಡೆ ಕಡಿಮೆ ಬಂದ ಮಾಲಿನ ಹಣ ನಿಮ್ಮ ಸಂಬಳದಲ್ಲಿ ಹಿಡಿಯುತ್ತಾರೆ.

ತೂಕದ ಚೀಟಿ ಇಲ್ಲದೆ ಹೊರಡಬೇಡಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000, ಜೊತೆಗೆ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ನಗರದೊಳಗೆ ಭಾರಿ ವಾಹನಕ್ಕೆ ನೋ ಎಂಟ್ರಿ ಹೊತ್ತು ಆಗಾಗ ಬದಲಾಗುತ್ತದೆ, ಹೊರಡುವ ದಿನ ಟ್ರಾಫಿಕ್ ಪೊಲೀಸರ ಪ್ರಕಟಣೆ ನೋಡಿ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಹೋಗುವುದಿದ್ದರೆ ಟೋಲು ಕೊಟ್ಟಾದರೂ ನೈಸ್ ರಸ್ತೆಯೇ ಲೇಸು.

ಪ್ರಶ್ನೆ: ದಾರಿಯಲ್ಲಿ ಡಿಇಎಫ್ ಮುಗಿದರೆ ಸ್ವಲ್ಪ ನೀರು ಬೆರೆಸಿ ಓಡಿಸಬಹುದು ಎನ್ನುತ್ತಾರೆ. ನಿಜವೇ?
— ಓದುಗರು, ಹೊಸಕೋಟೆ

ಉತ್ತರ: ಖಂಡಿತ ಬೇಡ. ಡಿಇಎಫ್ ಎಂದರೆ ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ಹಾಕುವ ದ್ರವ, ಶುದ್ಧ ನೀರಿನಲ್ಲಿ 32.5 ಶೇಕಡಾ ಯೂರಿಯಾ. ಅಳತೆ ತಪ್ಪಿದರೆ ಸೆನ್ಸರ್ ಹಿಡಿಯುತ್ತದೆ, ಎಚ್ಚರಿಕೆ ದೀಪ ಹತ್ತುತ್ತದೆ, ಕೊನೆಗೆ ಎಂಜಿನ್ನಿನ ಶಕ್ತಿಯೇ ಇಳಿದು ಏರಿನಲ್ಲಿ ಲಾರಿ ಎಳೆಯುವುದಿಲ್ಲ. ನಲ್ಲಿ ನೀರಿನ ಉಪ್ಪು ನಳಿಕೆಯಲ್ಲಿ ಕಟ್ಟಿಕೊಂಡು ಪಂಪು ಹಾಳಾಗುತ್ತದೆ. ಗೊಬ್ಬರದ ಯೂರಿಯಾ ಕಲಸಿ ಹಾಕುವುದೂ ಅಷ್ಟೇ ತಪ್ಪು. ಬಂಕಿನಲ್ಲಿ ಸೀಲ್ ಇರುವ ಕ್ಯಾನೇ ಕೊಳ್ಳಿ, ಬಿಸಿಲಿಗಿಡದೆ ಒಂದು ಕ್ಯಾನು ಗಾಡಿಯಲ್ಲೇ ಇರಲಿ. ಸುರಿಯುವಾಗ ನೀಲಿ ಮುಚ್ಚಳವೇ ಎಂದು ನೋಡಿಕೊಳ್ಳಿ. ಅಪ್ಪಿತಪ್ಪಿ ಡಿಇಎಫ್ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ಕೂಡ ತಿರುಗಿಸದೆ ಮೆಕ್ಯಾನಿಕ್ಕನ್ನು ಕರೆಸಿ.