ಹಿಪ್ಪುನೇರಳೆ ಹಣ್ಣು ಬಿಡುತ್ತಿಲ್ಲವೇ? ಗಿಡ ಕೀಳಬೇಡಿ, ಕೊಂಬೆ ಕತ್ತರಿಸಿ

ನರ್ಸರಿಯಿಂದ ತಂದ ಹಿಪ್ಪುನೇರಳೆ 2 ವರ್ಷದಲ್ಲಿ ಮಹಡಿ ಮುಟ್ಟಿದೆ, ಒಂದು ಹಣ್ಣೂ ಕಂಡಿಲ್ಲ, ಕಿತ್ತು ಹಾಕಲೇ ಅಂತ ಕೇಳಿದ್ದೀರಿ. ಕೀಳಬೇಡಿ. ಇಷ್ಟು ದಿನ ಅದಕ್ಕೆ ಕತ್ತರಿ ಸೋಕಿಸಿಲ್ಲ ಅನ್ನಿಸುತ್ತೆ.

ನಾನು ಶಿಡ್ಲಘಟ್ಟದ ಕಡೆಯವನು. ನಮ್ಮಲ್ಲಿ ಇದನ್ನು ಹಣ್ಣಿನ ಗಿಡ ಅಂತ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. 'ಎರಡು ಎಕರೆ ಸೊಪ್ಪು ಹಾಕಿದೀನಿ' ಅಂದರೆ ಹಿಪ್ಪುನೇರಳೆ ಅಂತಲೇ ಅರ್ಥ. ಹೆಚ್ಚುಕಮ್ಮಿ 70 ದಿನಕ್ಕೊಮ್ಮೆ ಕುಯ್ದು ರೇಷ್ಮೆ ಹುಳುವಿಗೆ ಹಾಕುತ್ತಾರೆ, ವರ್ಷಕ್ಕೆ 5 ಬೆಳೆ. ಕುಯ್ದ 10–15 ದಿನಕ್ಕೆಲ್ಲ ಮತ್ತೆ ಹಸಿರು. ಹೂ ಬರುವುದು ಈ ಹೊಸ ಚಿಗುರಿನಲ್ಲಿ, ಎಲೆತೊಟ್ಟಿನ ಬುಡದಲ್ಲಿ. ಕತ್ತರಿಸದ ಗಿಡ ಮೇಲಕ್ಕೇ ಓಡುತ್ತದೆ. ಹಣ್ಣು ಬಿಟ್ಟರೂ ಅದು ಗೊರವಂಕಗಳಿಗೆ, ನಿಮ್ಮ ಕೈಗಲ್ಲ.

ಹಾಗಾಗಿ ಎದೆಮಟ್ಟಕ್ಕೆ ಸವರಿಬಿಡಿ. ದಪ್ಪ ಕೊಂಬೆ ನಾಲ್ಕೈದು ಉಳಿಸಿ, ಅವುಗಳ ಮೇಲಿನ ರೆಂಬೆಗಳನ್ನು ಗೇಣುದ್ದಕ್ಕೆ ಬಿಟ್ಟು ಕತ್ತರಿಸಿ, ಉಳಿದ ಎಲೆಯನ್ನೆಲ್ಲ ಕೈಯಿಂದ ಕಿತ್ತುಹಾಕಿ. ಬಿಳಿ ಹಾಲು ಸುರಿಯುತ್ತದೆ, ಗಾಬರಿ ಬೇಡ. ಬುಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿ. ನಮ್ಮ ಮನೆ ಗಿಡವನ್ನು ಹೀಗೆ ಕತ್ತರಿಸಿದ ಮೇಲೆ ನನ್ನ ಹೆಂಡತಿ ಮೂರು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಚಿಗುರಿನ ಜೊತೆಗೇ ಹಸಿರು ಕಾಯಿಗಳು ಇಣುಕಿದಾಗ ತಾನೇ ಕರೆದು ತೋರಿಸಿದಳು.

ಒಂದು ಅನುಮಾನ ಉಳಿಯುತ್ತೆ: ನಿಮ್ಮದು ಗಂಡು ಗಿಡ ಇರಬಹುದು. ಇದರಲ್ಲಿ ಸಾಮಾನ್ಯವಾಗಿ ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ. ಜೋತುಬಿದ್ದ ಪುಟ್ಟ ಬಾಲದಂಥ ಗೊಂಚಲು ಬಂದು, ಮುಟ್ಟಿದರೆ ಪುಡಿ ಉದುರಿ, ಒಣಗಿ ಬಿದ್ದುಹೋದರೆ ಅದು ಗಂಡು. ಸಣ್ಣ ಹಸಿರು ಉಂಡೆಯ ಮೇಲೆ ಬಿಳಿ ಕೂದಲಿದ್ದರೆ ಹೆಣ್ಣು. ಗಂಡಾದರೆ ಎಷ್ಟು ಗೊಬ್ಬರ ಸುರಿದರೂ ಸೊಪ್ಪೇ ಗತಿ. ಆಗ ನೀವೇ ಹಣ್ಣು ಕಿತ್ತು ತಿಂದು ನೋಡಿದ ಮರದಿಂದ ಕಡ್ಡಿ ತನ್ನಿ. ಪೆನ್ಸಿಲ್ ದಪ್ಪ, ಗೇಣುದ್ದ, ಚಿಗುರೊಡೆಯುವ ಕಣ್ಣು ಮೂರ್ನಾಲ್ಕು ಇರಲಿ. ಮುಕ್ಕಾಲು ಭಾಗ ಮಣ್ಣಿನೊಳಗೆ, ಕಣ್ಣು ಮೇಲ್ಮುಖವಾಗಿ. ಇಷ್ಟು ಸುಲಭವಾಗಿ ಬೇರು ಬಿಡುವ ಗಿಡಗಳು ಕಮ್ಮಿ. ಹಳ್ಳಿಯ ನೆಂಟರಿಂದ ತರಿಸಿದರೆ ಬಹುತೇಕ ವಿ-1 ಸಿಗುತ್ತದೆ. ಅದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಎಲೆಗೋಸ್ಕರ ಮಾಡಿದ ತಳಿ. ಹಣ್ಣಿನ ಆಸೆಗೆ ನಾನಂತೂ ಅದನ್ನು ಹಾಕಲ್ಲ.

ಹೊಸದಾಗಿ ನೆಡುವುದಾದರೆ ಸಂಪಿನಿಂದ ದೂರ ಇರಲಿ. ನಾನು ನಾಲ್ಕು ಅಡಿಗೆ ನೆಟ್ಟು ಕೆಟ್ಟೆ. ಐದನೇ ವರ್ಷ ಸಂಪು ತೊಳೆಯಲು ಇಳಿದವನು 'ಸಾರ್, ಇಲ್ನೋಡಿ' ಅಂತ ಟಾರ್ಚ್ ಬಿಟ್ಟ. ಮೂಲೆಯ ಬಿರುಕಿನಿಂದ ಕಿತ್ತಳೆ ಬಣ್ಣದ ಬೇರು, ಕೂದಲ ಗಂಟಿನ ಹಾಗೆ, ನೀರಿನಲ್ಲಿ ತೇಲುತ್ತಿತ್ತು. ಕಾರು ನಿಲ್ಲಿಸುವ ಜಾಗ, ಬಟ್ಟೆ ಒಣಹಾಕುವ ತಂತಿ ಇವೂ ಹತ್ತಿರ ಬೇಡ. ಹಣ್ಣಿನ ಕಲೆ ಸುಲಭಕ್ಕೆ ಹೋಗಲ್ಲ. ಚಿಕ್ಕಂದಿನಲ್ಲಿ ಶಾಲೆ ಅಂಗಿಗೆ ಬಳಿದುಕೊಂಡು ಬಂದರೆ ನಮ್ಮಜ್ಜಿ ಅದೇ ಗಿಡದ ಎಳೆ ಕಾಯಿ ಜಜ್ಜಿ ಉಜ್ಜುತ್ತಿದ್ದಳು. ಸುಮಾರಾಗಿ ಹೋಗುತ್ತಿತ್ತು. ಬೆನ್ನಿಗೆ ಏಟು ಬೇರೆ.

ತುದಿ ಎಲೆ ಮುರುಟಿಕೊಂಡು ಗಂಟಾದರೆ ಅದು ತುಕ್ರಾ ಅನ್ನುವ ತೊಂದರೆ, ಹಿಟ್ಟು ತಿಗಣೆ ಅನ್ನುವ ರಸ ಹೀರುವ ಬಿಳಿ ಕೀಟದ ಕೆಲಸ. ಆ ತುದಿಗಳನ್ನು ಕತ್ತರಿಸಿ ಸೋಪಿನ ನೀರಿಗೆ ಹಾಕಿದರೆ ಮನೆ ಗಿಡಕ್ಕೆ ಸಾಕು. ಔಷಧಿ ಹೊಡೆಯಬೇಡಿ, ಹಣ್ಣು ತಿನ್ನುವವರು ನೀವೇ.

ಕೆಂಪು ಹಣ್ಣು ಹುಳಿ. ಕಪ್ಪಾಗಿ, ಬೆರಳು ತಾಗಿದರೆ ಉದುರುವ ಹಾಗಾದಾಗ ಕೀಳಿ, ಅವತ್ತೇ ತಿನ್ನಿ. ಕತ್ತರಿಸಿ ಚಿಗುರು ಬಂದ ಮೇಲೆ ಹೂವಿನ ಫೋಟೋ ಹಾಕಿ. ಗಂಡೋ ಹೆಣ್ಣೋ ನೋಡಿ ಹೇಳುತ್ತೇನೆ.