ಸುಶಿಯ ಪಕ್ಕದಲ್ಲಿ ಕಿಮ್ಚಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೈಸೂರಿನವಳು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿರುವ ಮಗ ಮತ್ತು ಸೊಸೆಯ ಜೊತೆ ಆರು ತಿಂಗಳು ಇದ್ದು ಬಂದೆ. ಅಲ್ಲಿ ಎಲ್ ಕಮೀನೊ ರಿಯಲ್ ರಸ್ತೆಯ ಒಂದು ಪುಟ್ಟ ಸುಶಿ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಫಲಕದಲ್ಲಿದ್ದದ್ದು ಜಪಾನೀ ಹೆಸರು. ಆದರೆ ಕುಳಿತ ಕೂಡಲೇ, ನಾವು ಕೇಳದಿದ್ದರೂ, ಕಿಮ್ಚಿ ಎಂಬ ಹುದುಗಿಸಿದ ಕೋಸಿನ ಖಾರದ ಉಪ್ಪಿನಕಾಯಿ, ಸೋಯಾ ಮೊಳಕೆಯ ಪಲ್ಯ ಮೊದಲಾದವು ಸಣ್ಣ ಬಟ್ಟಲುಗಳಲ್ಲಿ ಬಂದವು. ಸುಶಿಯೊಂದಿಗೆ ಕೆಂಪು ಬಣ್ಣದ ಖಾರದ ಗೊಜ್ಜೂ ಇತ್ತು. ಹೋಟೆಲಿನವರು ಕೊರಿಯಾದವರೆಂದು ಸೊಸೆ ಹೇಳಿದಳು. ಮಗನ ಸ್ನೇಹಿತರೊಬ್ಬರು "ಅದು ನಿಜವಾದ ಸುಶಿಯೇ ಅಲ್ಲ, ಕಲಬೆರಕೆ" ಎಂದರು. ಇದು ಸರಿಯೇ? ಅಲ್ಲಿ ಯಾವುದನ್ನು ಯಾವುದರೊಂದಿಗೆ ತಿನ್ನಬೇಕು?

ಉತ್ತರ: ಕಲಬೆರಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಧಾರಣ ಬೆಲೆಗೆ ಸುಶಿ ಬಡಿಸುವ ಅನೇಕ ಹೋಟೆಲುಗಳನ್ನು ಕೊರಿಯಾ ಮೂಲದ ಕುಟುಂಬಗಳು ನಡೆಸುತ್ತವೆ. ಭಾರತೀಯರಿಗೆ ಅಮೆರಿಕದ ಬಾಗಿಲನ್ನು ಅಗಲವಾಗಿ ತೆರೆದ 1965ರ ವಲಸೆ ಕಾಯ್ದೆಯೇ ಕೊರಿಯಾದವರಿಗೂ ಅದನ್ನು ತೆರೆಯಿತು. ಹಾಗೆ ಬಂದವರಲ್ಲಿ ಹಲವರು ಅಂಗಡಿ, ಹೋಟೆಲುಗಳಂಥ ಸಣ್ಣ ಉದ್ಯಮಗಳನ್ನು ಹಿಡಿದರು. ಮುಂದೆ ಅಮೆರಿಕದವರಿಗೆ ಸುಶಿಯ ರುಚಿ ಹತ್ತಿದಾಗ, ಅನ್ನ, ಮೀನು, ಕಡಲಪಾಚಿ ಈ ಮೂರನ್ನೂ ತಮ್ಮ ಮನೆಯ ಅಡುಗೆಯಲ್ಲೇ ಬಲ್ಲ ಅವರಿಗೆ ಸುಶಿಯ ಕಸುಬು ಪರಕೀಯವಾಗಿರಲಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದೋಸೆಯ ಕಾವಲಿಯ ಪಕ್ಕದಲ್ಲಿಯೇ ಪಾವ್ ಭಾಜಿಯ ಕಾವಲಿಯೂ ಇರುವುದನ್ನು ನೀವು ನೋಡಿರಬಹುದು. ಗಿರಾಕಿ ಬಯಸಿದ್ದನ್ನು ಕಲಿತು ಮಾಡುವುದು, ಜೊತೆಗೆ ತಮ್ಮ ಮನೆಯ ಊಟದ ಕ್ರಮವನ್ನೂ ಉಳಿಸಿಕೊಳ್ಳುವುದು ಹೊರನಾಡಿಗೆ ಹೋದ ಅಡುಗೆಯವರೆಲ್ಲರೂ ಮಾಡಿಕೊಂಡು ಬಂದ ಕೆಲಸ.

ನೀವು ಕೇಳದೆ ಬಂದ ಬಟ್ಟಲುಗಳು ಆ ಮನೆಯ ಕ್ರಮಕ್ಕೆ ಸೇರಿದವು. ಅವುಗಳನ್ನು ಬಾಂಚಾನ್ ಎನ್ನುತ್ತಾರೆ. ನಮ್ಮ ಬಾಳೆಯೆಲೆಯ ಮೇಲ್ಭಾಗದಲ್ಲಿ ಬಡಿಸುವ ಕೋಸಂಬರಿ, ಪಲ್ಯ, ಉಪ್ಪಿನಕಾಯಿಗಳಂತೆ ಅವು ಅನ್ನಕ್ಕೆ ಜೊತೆಯಾಗುವ ವ್ಯಂಜನಗಳು. ಸಾಮಾನ್ಯವಾಗಿ ಅವುಗಳಿಗೆ ಪ್ರತ್ಯೇಕ ಬೆಲೆ ಇರುವುದಿಲ್ಲ, ಮುಗಿದರೆ ಮತ್ತೆ ಬಡಿಸುತ್ತಾರೆ. ಕೇಳಲು ಸಂಕೋಚ ಪಡಬೇಕಾಗಿಲ್ಲ.

ಇನ್ನು "ನಿಜವಾದ ಸುಶಿ" ಯಾವುದೆಂಬ ಪ್ರಶ್ನೆ. ಸುಶಿ ಎಂದರೆ ಹಸಿಮೀನು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಅನ್ನವಿಲ್ಲದೆ ಬಡಿಸುವ ಹಸಿಮೀನಿನ ಹೋಳುಗಳ ಹೆಸರು ಸಶಿಮಿ. ಸುಶಿ ಎಂಬ ಪದದ ಮೂಲಾರ್ಥ ಹುಳಿ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅಂಟಾದ ಗಿಡ್ಡಕ್ಕಿಯ ಅನ್ನವೇ ಅದರ ಜೀವ. ಮೊದಮೊದಲು ಈ ಹುಳಿ ವಿನೆಗರಿನಿಂದ ಬರುತ್ತಿರಲಿಲ್ಲ. ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಒತ್ತಿಟ್ಟು ತಿಂಗಳುಗಟ್ಟಲೆ ಹುದುಗಿಸುತ್ತಿದ್ದರು. ಆಗ್ನೇಯ ಏಷ್ಯಾದ ಭತ್ತದ ನಾಡುಗಳಲ್ಲಿ ಹುಟ್ಟಿ ಜಪಾನನ್ನು ತಲುಪಿತೆಂದು ವಿದ್ವಾಂಸರು ಹೇಳುವ ಈ ವಿಧಾನ ಬಿವಾ ಸರೋವರದ ಸುತ್ತಲಿನ ಶಿಗಾ ಪ್ರಾಂತದಲ್ಲಿ ಫುನಾಜುಶಿ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅನ್ನದ ಉಂಡೆಯ ಮೇಲೆ ಮೀನಿನ ಹೋಳನ್ನಿಟ್ಟು ಒತ್ತಿ ಕೊಡುವ ನಿಗಿರಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಈಗಿನ ಟೋಕಿಯೋ ಆಗಿರುವ ಎದೋ ನಗರದಲ್ಲಿ, ಅವಸರದಲ್ಲಿರುವ ಜನರಿಗಾಗಿ ರೂಢಿಗೆ ಬಂದ ತಿಂಡಿ. ಬೆಣ್ಣೆಹಣ್ಣನ್ನು ಒಳಗಿಟ್ಟು ಅನ್ನವನ್ನು ಹೊರಮೈಗೆ ತಂದ ಕ್ಯಾಲಿಫೋರ್ನಿಯಾ ರೋಲ್ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಹೀಗೆ ಊರೂರಿಗೆ ರೂಪ ಬದಲಿಸುತ್ತ ಬಂದ ತಿನಿಸನ್ನು ಕೊರಿಯಾದವರ ಕೈ ತಾಗಿದ ಮಾತ್ರಕ್ಕೆ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಈ ಎರಡು ಅಡುಗೆಗಳ ನಂಟು ಅಮೆರಿಕಕ್ಕಿಂತ ಹಳೆಯದು, ಮತ್ತು ಅದರಲ್ಲಿ ನೋವೂ ಬೆರೆತಿದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕೊರಿಯಾದ ಕಿಂಬಾಪ್ ಎಂಬ ಕಡಲಪಾಚಿಯ ಸುರುಳಿ ಆ ಕಾಲದಲ್ಲಿ ಬಂದ, ಕಡಲಪಾಚಿಯಲ್ಲಿ ಸುತ್ತಿದ ಜಪಾನೀ ಸುಶಿಯಾದ ನೋರಿಮಾಕಿಯಿಂದ ಬೆಳೆಯಿತೆಂದು ಕೆಲವರೂ, ಅನ್ನವನ್ನು ಎಲೆಗಳಲ್ಲಿ ಸುತ್ತಿ ತಿನ್ನುವ ಕೊರಿಯಾದ್ದೇ ಹಳೆಯ ಪದ್ಧತಿಯಿಂದ ಬಂತೆಂದು ಇನ್ನು ಕೆಲವರೂ ವಾದಿಸುತ್ತಾರೆ. ಅದರೊಳಗಿನ ಹಳದಿ ಮೂಲಂಗಿ ಉಪ್ಪಿನಕಾಯಿಯಂತೂ ಜಪಾನಿನ ತಕುಆನ್‌ನ ಸಂಬಂಧಿ. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ: ಜಪಾನಿನ ಫುಕುಒಕಾ ನಗರದ ಹೆಮ್ಮೆಯೆನಿಸಿದ ಖಾರದ ಮೀನಿನ ಮೊಟ್ಟೆ, ಮೆಂತಾಯ್ಕೊ, ಕೊರಿಯಾದ ಬುಸಾನ್ ನಗರದಲ್ಲಿ ಹುಟ್ಟಿ ಬೆಳೆದ ಕವಾಹರಾ ತೊಶಿಯೊ ಎಂಬ ವರ್ತಕರು ಕೊರಿಯಾದ ರುಚಿಯನ್ನು ನೆನಪಿಸಿಕೊಂಡು 1949ರಲ್ಲಿ ಮಾರಲಾರಂಭಿಸಿದ ಪದಾರ್ಥ. ಆದರೂ ಆ ಆಳ್ವಿಕೆಯ ನೋವಿನಿಂದಾಗಿ, ಕೊರಿಯಾದವರ ಹೋಟೆಲಿನಲ್ಲಿ ಕಿಂಬಾಪನ್ನು "ಕೊರಿಯಾದ ಸುಶಿ" ಎಂದು ಕರೆಯದಿರುವುದು ಒಳ್ಳೆಯದು. ಅನೇಕರಿಗೆ ಆ ಮಾತು ನೋಯಿಸುತ್ತದೆ, ಮಾತ್ರವಲ್ಲ, ಅದು ರುಚಿಯ ದೃಷ್ಟಿಯಿಂದಲೂ ತಪ್ಪು. ಕಿಂಬಾಪಿನ ಅನ್ನದಲ್ಲಿ ವಿನೆಗರಿನ ಹುಳಿಯಿಲ್ಲ. ಎಳ್ಳೆಣ್ಣೆ ಮತ್ತು ಉಪ್ಪಿನ ಘಮವಿದೆ. ಒಳಗಿನ ಪಾಲಕ್, ಗಜ್ಜರಿ, ಮೊಟ್ಟೆಗಳೆಲ್ಲ ಬೇಯಿಸಿದವು, ಮತ್ತು ಅದನ್ನು ಸೋಯಾ ಸಾಸಿನಲ್ಲಿ ಅದ್ದುವ ಅಗತ್ಯವಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹೊರಡುತ್ತದೆ. ನಿಗಿರಿಯನ್ನು ಮಗುಚಿ ಮೀನಿನ ಬದಿಯನ್ನಷ್ಟೇ ಸೋಯಾ ಸಾಸಿಗೆ ತಾಗಿಸಬೇಕು. ಅನ್ನವನ್ನು ಅದ್ದಿದರೆ ಅದು ಉದುರುತ್ತದೆ, ಉಪ್ಪೂ ಹೆಚ್ಚಾಗುತ್ತದೆ. ಅದನ್ನು ಕೈಯಿಂದ ತಿನ್ನುವುದು ಜಪಾನಿನಲ್ಲಿಯೂ ಒಪ್ಪಿತ ಪದ್ಧತಿಯಾದ್ದರಿಂದ ನೀವು ಚಾಪ್‌ಸ್ಟಿಕ್ ಎಂಬ ಊಟದ ಕಡ್ಡಿಗಳೊಡನೆ ಹೆಣಗಬೇಕಾಗಿರಲಿಲ್ಲ. ಸಿಹಿ ವಿನೆಗರಿನಲ್ಲಿ ಹಾಕಿದ ಶುಂಠಿ ಒಂದು ಮೀನಿನ ರುಚಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ನಾಲಿಗೆಯನ್ನು ತಿಳಿಗೊಳಿಸಲು ಇರುವಂಥದು, ಸುಶಿಯ ಮೇಲಿಟ್ಟು ತಿನ್ನಲು ಅಲ್ಲ. ಕೆಂಪು ಗೊಜ್ಜು ಬಹುಶಃ ಚೊಗೊಚುಜಾಂಗ್ ಇರಬೇಕು. ಮೆಣಸಿನಪುಡಿ, ಅಂಟಕ್ಕಿ, ಸೋಯಾ ಸೇರಿಸಿ ಹುದುಗಿಸಿದ ಗೊಚುಜಾಂಗಿಗೆ ವಿನೆಗರ್ ಮತ್ತು ಸಿಹಿ ಬೆರೆಸಿ ಅದನ್ನು ಮಾಡುತ್ತಾರೆ. ಕೊರಿಯಾದವರು ಹಸಿಮೀನನ್ನು, ಅದರಲ್ಲೂ ಆಗಷ್ಟೇ ಹಿಡಿದ ಬಿಳಿ ಮಾಂಸದ, ಜಗಿಯಲು ಗಟ್ಟಿಯಾದ ಮೀನನ್ನು ಇಷ್ಟಪಟ್ಟು, ಅದನ್ನು ಈ ಗೊಜ್ಜಿನೊಂದಿಗೆ ಸೊಪ್ಪಿನಲ್ಲಿ ಸುತ್ತಿ ತಿನ್ನುತ್ತಾರೆ. ಜಪಾನೀ ಕ್ರಮದಲ್ಲಿ ಮೀನನ್ನು ಕೆಲವೊಮ್ಮೆ ಒಂದೆರಡು ದಿನ ತಂಪಿನಲ್ಲಿಟ್ಟು ರುಚಿ ಮಾಗಿಸುತ್ತಾರೆ. ಆ ಮೃದುವಾದ ರುಚಿ ಈ ಖಾರದ ಕೆಳಗೆ ಮುಚ್ಚಿಹೋಗುತ್ತದೆ. ಟ್ಯೂನಾ ನಿಗಿರಿಗೆ ಗೊಜ್ಜನ್ನು ತಾಗಿಸಬೇಡಿ ಎಂಬುದು ನನ್ನ ಸಲಹೆ. ಅದೇ ಹೋಟೆಲಿನಲ್ಲಿ ಹ್ವೆದೊಪ್‌ಬಾಪ್ ಎಂಬ ಖಾದ್ಯವೂ ಸಿಗಬಹುದು: ಬಿಸಿ ಅನ್ನದ ಮೇಲೆ ತರಕಾರಿ, ಸೊಪ್ಪು, ಹಸಿಮೀನಿನ ತುಂಡುಗಳು. ಅದಕ್ಕೆ ಈ ಗೊಜ್ಜನ್ನು ಧಾರಾಳವಾಗಿ ಸುರಿದು, ನಾವು ಬಿಸಿಬೇಳೆಬಾತಿಗೆ ತುಪ್ಪ ಕಲಸುವಂತೆ ಚಮಚದಿಂದ ಚೆನ್ನಾಗಿ ಕಲಸಬೇಕು. ಇಂಥ ಹೋಟೆಲಿನ ಹೆಚ್ಚುಗಾರಿಕೆ ನನಗೆ ಕಾಣುವುದು ಆ ಒಂದು ಬಟ್ಟಲಿನಲ್ಲಿ.

ಪ್ರಶ್ನೆ: ನ್ಯೂ ಜೆರ್ಸಿಯಲ್ಲಿರುವ ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸಹೋದ್ಯೋಗಿಗಳು ಇಂಥ ಕೊರಿಯನ್-ಜಪಾನೀ ಹೋಟೆಲಿಗೇ ಹೋಗುತ್ತಾರೆ. ಮಿಸೊ ಸಾರು, ಕಿಮ್ಚಿ, ತರಕಾರಿ ತೆಂಪುರಾ ನಮಗೆ ಆಗುತ್ತವೆ ಎಂದುಕೊಂಡಿದ್ದೇವೆ. ಸರಿಯೇ?

ಉತ್ತರ: ದಯವಿಟ್ಟು ಈ ಮೂರನ್ನೂ ವಿಚಾರಿಸದೆ ತಿನ್ನಬೇಡಿ. ಮಿಸೊ ಸೋಯಾವನ್ನು ಹುದುಗಿಸಿ ಮಾಡಿದ ಮುದ್ದೆಯೇ ಆದರೂ, ಸಾರಿನ ನೀರು ಸಾಮಾನ್ಯವಾಗಿ ದಾಶಿ. ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನಿನ ಚಕ್ಕೆಗಳನ್ನು ಕುದಿಸಿ ಸೋಸಿದ ರಸ. ಮೀನು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಸಾರವೆಲ್ಲ ಅಲ್ಲಿರುತ್ತದೆ. ಕಿಮ್ಚಿಗೆ ಬಹುಪಾಲು ಮನೆಗಳಲ್ಲಿ, ಹೋಟೆಲುಗಳಲ್ಲಿ ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿಯನ್ನೋ ಆಂಚೊವಿ ಮೀನಿನ ರಸವನ್ನೋ ಸೇರಿಸುತ್ತಾರೆ. ತೆಂಪುರಾದ ಹಿಟ್ಟಿನಲ್ಲಿ ಮೊಟ್ಟೆಯಿರುವುದು ರೂಢಿ, ಜೊತೆಗೆ ಕೊಡುವ ತೆಳು ಸಾಸಿನಲ್ಲಿ ಮತ್ತೆ ದಾಶಿ. ಕರಿದ ಎಣ್ಣೆಯಲ್ಲಿ ಸೀಗಡಿಯೂ ಬೆಂದಿರಬಹುದು. ಇನಾರಿ ಎಂಬ ಸಿಹಿ ತೋಫು ಚೀಲದ ಸುಶಿ ನೋಡಲು ನಿರಪಾಯವೆನಿಸಿದರೂ, ಆ ತೋಫುವನ್ನು ದಾಶಿಯಲ್ಲಿಯೇ ಬೇಯಿಸುವುದು ವಾಡಿಕೆ. ತೊಕ್‌ಬೊಕ್ಕಿ ಎಂಬ ಖಾರದ ಅಕ್ಕಿ ಕಡುಬಿನ ಗೊಜ್ಜೂ ಹೆಚ್ಚಾಗಿ ಆಂಚೊವಿ ರಸದಲ್ಲಿ ಕುದಿಯುತ್ತದೆ. ಖಾರದ ಮೇಯನೇಸಿನಲ್ಲಿ ಮೊಟ್ಟೆಯಿದೆ.

ಇಷ್ಟು ಓದಿ ನಿರಾಶರಾಗಬೇಡಿ. ಸೌತೆಕಾಯಿಯ ಕಪ್ಪಾಮಾಕಿ, ಬೆಣ್ಣೆಹಣ್ಣಿನ ರೋಲ್, ಉಪ್ಪು ಹಾಕಿ ಬೇಯಿಸಿದ ಎದಮಾಮೆ ಎಂಬ ಎಳೆ ಸೋಯಾ ಕಾಯಿ, ಅನ್ನದ ಮೇಲೆ ತರಕಾರಿಗಳನ್ನಿಟ್ಟು ಕಲಸಿ ತಿನ್ನುವ ಬಿಬಿಂಬಾಪ್ (ಮಾಂಸ ಮತ್ತು ಮೊಟ್ಟೆಗಳನ್ನು ಬಿಡಿಸಿ), ಮೊಟ್ಟೆಯಿಲ್ಲದ ತರಕಾರಿ ಕಿಂಬಾಪ್ ನಿಮಗೆ ಹೊಂದುತ್ತವೆ. ಗೆಣಸಿನ ಪಿಷ್ಟದ ಶಾವಿಗೆಯಿಂದ ಮಾಡುವ ಜಾಪ್ಚೆಯಲ್ಲಿ ಸಾಮಾನ್ಯವಾಗಿ ದನದ ಮಾಂಸವಿರುತ್ತದೆ. ಹೊಸದಾಗಿ ಹುರಿದು ಕೊಡುವವರಾದರೆ ಅದಿಲ್ಲದೆ ಮಾಡಿಕೊಡುವಂತೆ ಕೇಳಬಹುದು. ಕೇಳುವಾಗ "ಸಸ್ಯಾಹಾರಿ" ಎಂಬ ಒಂದೇ ಪದವನ್ನು ನೆಚ್ಚಬೇಡಿ, ಏಕೆಂದರೆ ಮೀನಿನ ರಸವನ್ನು ಮೀನೆಂದು ಎಣಿಸದ ಅಡುಗೆಯವರು ಅಲ್ಲಿ ಅನೇಕರಿದ್ದಾರೆ, ಅದು ಅವರ ದುರುದ್ದೇಶವಲ್ಲ. ಮೀನಿನ ಸಾರು ಬೇಡ, ಮೀನಿನ ಸಾಸ್ ಬೇಡ, ಒಣ ಸೀಗಡಿ ಬೇಡ, ಮೊಟ್ಟೆ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಹೇಳಿ. ಊಟದ ಗದ್ದಲ ಇಲ್ಲದ ಹೊತ್ತಿನಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಮೀನಿಲ್ಲದೆ ಈ ಅಡುಗೆಗಳು ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ಕೊಂಬು ಎಂಬ ಕಡಲಪಾಚಿಯೊಂದರಿಂದಲೇ ದಾಶಿ ತಯಾರಾಗುತ್ತದೆ; ರಸಾಯನ ವಿಜ್ಞಾನಿ ಇಕೆದಾ ಕಿಕುನಾಯೆ ಅವರು 1908ರಲ್ಲಿ ಉಮಾಮಿ ರುಚಿಯ ಮೂಲವಾದ ಗ್ಲುಟಮೇಟನ್ನು ಗುರುತಿಸಿದ್ದು ಅದರಲ್ಲಿಯೇ. ಎರಡೂ ದೇಶಗಳ ಬೌದ್ಧ ವಿಹಾರಗಳಲ್ಲಿ ಮಾಂಸ, ಮೀನುಗಳಿಲ್ಲದ ಅಡುಗೆಯ ದೀರ್ಘ ಪರಂಪರೆಯಿದೆ. ಕೊರಿಯಾದ ವಿಹಾರಗಳಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಐದು ಘಾಟಿನ ಸಸ್ಯಗಳನ್ನೂ ವರ್ಜಿಸುತ್ತಾರೆಂದರೆ ನಮ್ಮ ಮಠಗಳ ಅಡುಗೆಮನೆ ನೆನಪಾಗದಿರದು. ಅಲ್ಲಿಯ ಕಿಮ್ಚಿ ಉಪ್ಪು, ಸೋಯಾ ಸಾಸ್, ಶುಂಠಿ ಮೊದಲಾದವುಗಳಿಂದ ರುಚಿ ಪಡೆಯುತ್ತದೆ. ಕೊರಿಯಾದ ದಿನಸಿ ಅಂಗಡಿಗಳಲ್ಲಿ ಮೀನಿಲ್ಲದ ಕಿಮ್ಚಿಯ ಡಬ್ಬಿಗಳು ಸಿಗುತ್ತವೆ. ಹಿಂಬದಿಯ ಪಟ್ಟಿಯನ್ನು ಓದಿ ಕೊಳ್ಳಿ.

ಪ್ರಶ್ನೆ: ನಾವು ಮಂಗಳೂರಿನವರು, ದಿನವೂ ಮೀನು ತಿನ್ನುವವರು. ಸುಶಿಯನ್ನು ಹೋಟೆಲಿನಲ್ಲಿ ತಿಂದು ಇಷ್ಟವಾಯಿತು. ಬಂದರಿನಿಂದ ಬೆಳಿಗ್ಗೆ ತಂದ ತಾಜಾ ಅಂಜಲ್, ಬಂಗುಡೆಗಳಿಂದ ಮನೆಯಲ್ಲಿಯೇ ಮಾಡಬಹುದೇ?

ಉತ್ತರ: ಹಸಿಯಾಗಿ ಮಾಡಬೇಡಿ. ತಾಜಾ ಮೀನು ಹಸಿ ತಿನ್ನಲು ಸುರಕ್ಷಿತ ಎಂಬ ನಂಬಿಕೆಯೇ ಇಲ್ಲಿ ಅಪಾಯಕಾರಿ. ಕಡಲಮೀನುಗಳಲ್ಲಿ ಅನಿಸಾಕಿಸ್ ಎಂಬ ದುಂಡುಹುಳುವಿನ ಮರಿಗಳಿರಬಹುದು. ಅವು ಈಗಷ್ಟೇ ಹಿಡಿದ ಮೀನಿನಲ್ಲಿಯೂ ಜೀವಂತವಾಗಿರುತ್ತವೆ, ಮನುಷ್ಯರ ಹೊಟ್ಟೆ ಸೇರಿದರೆ ತೀವ್ರವಾದ ನೋವು, ವಾಂತಿ ತರುತ್ತವೆ. ಅದಕ್ಕಾಗಿಯೇ ಹಸಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಶೀತದಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ 15 ಗಂಟೆ ಇಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ಹೇಳುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ಈ ಕೆಲಸಕ್ಕೆ ನಂಬುವಂತಿಲ್ಲ. ವಿನೆಗರ್, ನಿಂಬೆರಸ, ಸುಶಿಯ ಜೊತೆ ಕೊಡುವ ಘಾಟಿನ ಹಸಿರು ವಸಾಬಿ ಇವೂ ಹುಳುವನ್ನು ಖಚಿತವಾಗಿ ಕೊಲ್ಲುವುದಿಲ್ಲ.

ಬಂಗುಡೆಗೆ ಇನ್ನೊಂದು ತೊಂದರೆಯಿದೆ. ಹಿಡಿದ ಮೇಲೆ ಸ್ವಲ್ಪ ಹೊತ್ತು ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಬೆಳೆದು, ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುತ್ತವೆ. ಅದು ಬೇಯಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು. ಹೊಳೆ, ಕೆರೆಯ ಮೀನನ್ನಂತೂ ಯಾವ ಕಾರಣಕ್ಕೂ ಹಸಿಯಾಗಿ ತಿನ್ನಬಾರದು. ಕೊರಿಯಾದ ನಕ್ದೊಂಗ್ ನದಿಯ ದಡದ ಊರುಗಳಲ್ಲಿ ಹೊಳೆಮೀನನ್ನು ಹಸಿ ತಿನ್ನುವ ಅಭ್ಯಾಸದಿಂದ ಯಕೃತ್ತಿನ ಹುಳುವಿನ ರೋಗ ಬಹುಕಾಲ ಉಳಿದುಕೊಂಡಿದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಹೋಟೆಲಿನಲ್ಲಿಯೂ ಹಸಿಮೀನನ್ನು ಬಿಡುವುದೇ ಸರಿ.

ಆದರೆ ಮನೆಯ ಸುಶಿಗೆ ಹಸಿಮೀನೇ ಬೇಕೆಂದಿಲ್ಲವಲ್ಲ. ನಿಮ್ಮ ಅಂಜಲನ್ನು ಉಪ್ಪು, ಸೋಯಾ ಸಾಸ್, ಸ್ವಲ್ಪ ಗೊಚುಜಾಂಗ್ ಹಚ್ಚಿ ಕಾವಲಿಯ ಮೇಲೆ ಚೆನ್ನಾಗಿ ಹುರಿದು, ಮುಳ್ಳು ಬಿಡಿಸಿ, ಸೌತೆಕಾಯಿಯೊಂದಿಗೆ ಕಡಲಪಾಚಿಯ ಹಾಳೆಯಲ್ಲಿ ಸುತ್ತಿ. ಕುಚ್ಚಲಕ್ಕಿ ಇದಕ್ಕೆ ಅಂಟುವುದಿಲ್ಲ. ಜಪಾನೀ ಗಿಡ್ಡಕ್ಕಿಯನ್ನೇ ತರಬೇಕು. ಅನ್ನ ಬೆಚ್ಚಗಿರುವಾಗಲೇ ವಿನೆಗರ್ ಬೆರೆಸಿ, ಅಂದೇ ತಿಂದು ಮುಗಿಸಿ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗಿ ಕೆಡುತ್ತದೆ.

ಪ್ರಶ್ನೆ: ಸ್ಯಾನ್ ಹೋಸೆಯಲ್ಲಿ ಓದುತ್ತಿದ್ದೇನೆ. ಕೊರಿಯಾದ ಗೆಳತಿಯೊಬ್ಬಳು ತನ್ನ ಅಜ್ಜ ಅಜ್ಜಿಯರೊಂದಿಗೆ ಇಂಥ ಹೋಟೆಲಿಗೆ ಊಟಕ್ಕೆ ಕರೆದಿದ್ದಾಳೆ. ನಾನು ಯಾವ ತಪ್ಪು ಮಾಡಬಾರದು?

ಉತ್ತರ: ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಎರಡೂ ದೇಶಗಳಲ್ಲಿ ಅದು ಸತ್ತವರಿಗೆ ಇಡುವ ಎಡೆಯನ್ನು ನೆನಪಿಸುತ್ತದೆ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಣುಕನ್ನು ದಾಟಿಸಬೇಡಿ. ಜಪಾನಿನಲ್ಲಿ ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ಎತ್ತಿಕೊಡುತ್ತಾರೆ. ಜಪಾನೀಯರು ಅನ್ನದ ಬಟ್ಟಲನ್ನು ಕೈಯಲ್ಲಿ ಹಿಡಿದು ಉಣ್ಣುತ್ತಾರೆ, ಕೊರಿಯಾದವರು ಅದನ್ನು ಮೇಜಿನ ಮೇಲೆಯೇ ಇಟ್ಟು ಉದ್ದ ಹಿಡಿಯ ಚಮಚದಿಂದ ಅನ್ನ ತಿನ್ನುತ್ತಾರೆ. ನಿಮ್ಮ ಆತಿಥೇಯರು ಕೊರಿಯಾದವರಾದ್ದರಿಂದ ಎರಡನೆಯ ಕ್ರಮವನ್ನು ಅನುಸರಿಸಿ. ಹಿರಿಯರಿಗೆ ನೀರನ್ನೋ ಚಹಾವನ್ನೋ ಬಗ್ಗಿಸುವಾಗಲೂ, ಅವರು ಕೊಟ್ಟದ್ದನ್ನು ಸ್ವೀಕರಿಸುವಾಗಲೂ ಎರಡೂ ಕೈ ಬಳಸಿ. ಅಜ್ಜ ಅಜ್ಜಿಯರು ಚಮಚ ಎತ್ತಿದ ಮೇಲೆ ನೀವು ಊಟ ಆರಂಭಿಸಿ.