ಕೆನೆಯಂತೆ ನುಣುಪಾದ ಕಪ್ಪು ಬಿಯರ್‌ನ ಗುಣವನ್ನು ಅಳೆಯುವುದು ಹೇಗೆ?

ಮಿಲ್ಕ್ ಸ್ಟೌಟ್ ಎಂಬ ಬಗೆಯನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮ್ಯಾಕೆಸನ್ ಎಂಬ ಬಿಯರ್ ಕಂಪನಿ 1907ರಲ್ಲೇ ತಯಾರಿಸಿದ ಈ ಬಿಯರ್‌ಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಯನ್ನು ಸೇರಿಸುತ್ತಾರೆ. ಬಿಯರ್‌ನ ಯೀಸ್ಟ್ ಅದನ್ನು ಹುದುಗಿಸಲಾರದ ಕಾರಣ ಸಕ್ಕರೆ ಹಾಗೆಯೇ ಉಳಿದು, ಪಾನೀಯಕ್ಕೆ ಮಂದವಾದ ಮೈಯನ್ನೂ ಹಿತವಾದ ಸಿಹಿಯನ್ನೂ ಕೊಡುತ್ತದೆ. ನೈಟ್ರೋ ಬಗೆಯಲ್ಲಿ ನೈಟ್ರೋಜನ್‌ನ ಅತಿಸಣ್ಣ ಗುಳ್ಳೆಗಳು ಈ ನುಣುಪನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಪರಿಮಳ ಅಡಗಿಯೇ ಇರುತ್ತದೆ. ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಕಾಯುವುದು ಒಳ್ಳೆಯದು. ಲೋಟವನ್ನು ಬೆಳಕಿಗೆ ಹಿಡಿದು ನೋಡಿ: ಅಂಚಿನಲ್ಲಿ ಮಾಣಿಕ್ಯದ ಕೆಂಪು ಮಿನುಗಬಹುದು, ನೊರೆ ತೆಳುಗಂದು ಬಣ್ಣದ್ದಾಗಿ ಒತ್ತಾಗಿ ನಿಲ್ಲಬೇಕು. ಗುಟುಕನ್ನು ನಾಲಗೆಯ ಮೇಲೆ ಕ್ಷಣಕಾಲ ಇರಿಸಿಕೊಂಡಾಗ ಮೊದಲು ಕೋಕೋದ ಸಿಹಿ, ನುಂಗಿದ ಮೇಲೆ ಹುರಿದ ಬಾರ್ಲಿಯಿಂದ ಬರುವ, ಗಟ್ಟಿ ಡಿಕಾಕ್ಷನ್ನಿನಂಥ ಕಹಿ ಉಳಿಯಬೇಕು. ನನ್ನ ಮಟ್ಟಿಗೆ ಈ ಕಹಿಯೇ ನಿಜವಾದ ಪರೀಕ್ಷೆ, ಏಕೆಂದರೆ ಅದಿಲ್ಲದ ಸ್ಟೌಟ್ ಬರೀ ಪಾನಕವಾಗಿಬಿಡುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳತಾಗಿದೆ. ಬೆಣ್ಣೆಯ ವಾಸನೆ ಎದ್ದು ಬಂದರೆ ಹೆಚ್ಚಾಗಿ ಹುದುಗುವಿಕೆ ಸರಿಯಾಗಿ ಮುಗಿದಿಲ್ಲ. ಹಾಲು ಒಗ್ಗದವರಿಗೆ ಇದೂ ಒಗ್ಗದಿರಬಹುದು.